ಒಳಗಿನ ಕೋಣೆಯ ಸರ್ವರ್ ಐದು ಸಲ ನಿಂತದ್ದು

ನಮ್ಮ ಸ್ಟುಡಿಯೋದ ಸರ್ವರ್ ತಾನಾಗಿ ಕೆಟ್ಟದ್ದು ಒಂದು ಸಲವೂ ಇಲ್ಲ. ಅದು ನಿಂತಾಗಲೆಲ್ಲ ಹಿಂದೆ ಹೋಗಿ ನೋಡಿದರೆ, ಯಾರೋ ಒಬ್ಬರು ಅದಕ್ಕೆ ಒಳ್ಳೆಯದು ಮಾಡಲು ಹೋಗಿರುತ್ತಾರೆ.

ಚಿತ್ರದುರ್ಗದ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ ನಮ್ಮ ಸ್ಟುಡಿಯೋ. ಮುಂದೆ ಪಾಸ್‌ಪೋರ್ಟ್ ಫೋಟೋ ತೆಗೆಯುವ ಕೌಂಟರ್. ಅದರ ಹಿಂದೆ ಮದುವೆ ವಿಡಿಯೋ ಎಡಿಟ್ ಮಾಡುವ ಮೂರು ಕಂಪ್ಯೂಟರು. ಅದಕ್ಕೂ ಹಿಂದೆ, ಮೊದಲು ಫಿಲಂ ತೊಳೆಯುತ್ತಿದ್ದ ಚಿಕ್ಕ ಕೋಣೆಯಲ್ಲಿ, ಈಗ ಸರ್ವರ್. ನಾನು ಬಿಸಿಎ ಮುಗಿಸಿ ಇಲ್ಲಿ ಕೆಲಸಕ್ಕೆ ಸೇರಿದವಳು. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡಿದರೆ ಫೈನ್ ಹಾಕುತ್ತಿದ್ದ ಶಾಲೆಯಲ್ಲಿ ಹತ್ತು ವರ್ಷ ಇದ್ದು ನಾನು ಕಲಿತದ್ದು ಯಾವ ಭಾಷೆಯಲ್ಲೂ ಮಾತಾಡದೆ ಇರುವುದನ್ನು.

ಸೇರಿದ ಮೊದಲ ತಿಂಗಳಲ್ಲಿ ನಾನು ಓನರ್ ಹತ್ತಿರ ಆಡಿದ್ದು ಒಂದೇ ವಾಕ್ಯ. "ಸಾರ್, ಎಲ್ಲಾ ಪ್ರಾಜೆಕ್ಟೂ ಒಂದೇ ಕಡೆ ಇಟ್ಟರೆ ಯಾರು ಬೇಕಾದರೂ ಯಾವ ಕಂಪ್ಯೂಟರಿನಲ್ಲಾದರೂ ತೆಗೀಬಹುದು." ಅವರು ಅದನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆಂದು ಗೊತ್ತಿದ್ದರೆ ಅದನ್ನೂ ಆಡುತ್ತಿರಲಿಲ್ಲ. ವಾರದೊಳಗೆ ಒಳಗಿನ ಕೋಣೆಗೆ ಒಂದು ದೊಡ್ಡ ಮಿಷನ್ ಬಂತು, ಅದನ್ನು ತಂಪಾಗಿಡಲು ಎಸಿ ಬಂತು. ಅದರಲ್ಲಿ ನಾನು ಡೇಟಾಬೇಸ್ ಹಾಕಿದೆ. ಯಾರ ಮದುವೆ ಎಲ್ಲಿದೆ, ಎಲ್ಲಿ ಕತ್ತರಿಸಿದೆ, ಎಲ್ಲಿ ಹಾಡು ಕೂರಿಸಿದೆ ಎಂಬುದೆಲ್ಲ ಅದರ ಹೊಟ್ಟೆಯಲ್ಲಿ. ಎಡಿಟಿಂಗ್ ಸಾಫ್ಟ್‌ವೇರ್ ತೆರೆದ ಕೂಡಲೇ ಮೊದಲು ಅದನ್ನು ಹೋಗಿ ಕೇಳುತ್ತದೆ. ಅದು ಉತ್ತರ ಕೊಡದಿದ್ದರೆ ಒಂದು ಪ್ರಾಜೆಕ್ಟೂ ತೆರೆಯುವುದಿಲ್ಲ. ಸಂಪರ್ಕ ಸಿಗುತ್ತಿಲ್ಲ ಎಂದು ಒಂದು ಚೌಕದಲ್ಲಿ ಬರೆದು ಸುಮ್ಮನೆ ಕೂರುತ್ತದೆ.

ನಮ್ಮ ಸೀನಿಯರ್ ಎಡಿಟರ್‌ಗೆ ಇದು ಹಿಡಿಸಲಿಲ್ಲ. ಎಲ್ಲರೂ ಅವರನ್ನು ಭಾಯಿ ಎನ್ನುತ್ತೇವೆ. ಕ್ಯಾಸೆಟ್ ಕಾಲದಿಂದ ಈ ಜಿಲ್ಲೆಯ ಅರ್ಧ ಮದುವೆಗಳನ್ನು ಕತ್ತರಿಸಿ ಜೋಡಿಸಿದವರು. "ಬೇಟಿ, ಮೂರು ಮನೇಲಿ ಮೂರು ಒಲೆ ಇದ್ದವು. ಒಂದು ಆರಿದ್ರೂ ಎರಡು ಉರೀತಿದ್ವು. ನೀನು ಎಲ್ಲಾ ಒಡೆದು ಒಂದೇ ಒಲೆ ಹಾಕಿದೀಯ," ಎಂದರು.

ಕೊನೆಗೆ ಓನರ್ ಒಂದು ತೀರ್ಮಾನ ಮಾಡಿದರು. ಈ ಲಗ್ನದ ಸೀಸನ್ ಮುಗಿಯುವವರೆಗೆ ಸರ್ವರ್ ಇರಲಿ. ನಿಂತರೆ ಅದೇ ದಿನ ಸಂಜೆಯೊಳಗೆ ಎದ್ದೇಳಬೇಕು. ಒಂದು ದಿನ ಏಳದಿದ್ದರೂ ಹಳೇ ಪದ್ಧತಿಗೆ ವಾಪಸ್. ಆಗ ಹಿಂದಿನ ಕೋಣೆಯಲ್ಲಿ ನನಗೆ ಕೆಲಸವಿರುವುದಿಲ್ಲ, ನಾನು ಮುಂದಿನ ಕೌಂಟರಿಗೆ. ಸೀಸನ್ ಪೂರ್ತಿ ನಡೆದರೆ ತಾವೇ ಒಂದು ದಿನ ಕೌಂಟರಿನಲ್ಲಿ ಕೂರುವುದಾಗಿ ಭಾಯಿ ಎಲ್ಲರ ಮುಂದೆ ಹೇಳಿದರು.

ಆ ಕೌಂಟರ್ ಎಂದರೆ ನನಗೆ ಏನು ಎಂಬುದನ್ನು ಹೇಳಿಬಿಡಬೇಕು. ಗುರುತಿಲ್ಲದವರ ಮುಖ ನೋಡಿ, ಗದ್ದ ಮೇಲೆ ಮಾಡ್ರಿ, ಕಿವಿ ಕಾಣ್ಲಿ, ನಗಬ್ಯಾಡ್ರಿ ಎಂದು ದಿನಕ್ಕೆ ನೂರು ಸಲ ಹೇಳಬೇಕು. ಸೇರಿದ ಮೊದಲ ದಿನ ಅರ್ಧ ದಿನ ನನ್ನನ್ನು ಅಲ್ಲಿ ನಿಲ್ಲಿಸಿದ್ದರು. ದಪ್ಪ ಮೀಸೆಯ ಹಿರಿಯರೊಬ್ಬರು ತಲೆ ತಗ್ಗಿಸಿ ಕುಳಿತಿದ್ದರು. ಅವರಿಗೆ ತಲೆ ಎತ್ತಿ ಎಂದು ಹೇಳಲು ಬಾಯಿ ಬರದೆ ನಾನು ಕ್ಯಾಮೆರಾವನ್ನೇ ನೆಲದ ಹತ್ತಿರಕ್ಕೆ ಇಳಿಸಿದೆ. ಅವರ ಫೋಟೋ ಈಗಲೂ ಯಾವುದೋ ಅರ್ಜಿಯ ಮೇಲೆ, ಬಾವಿಯೊಳಗೆ ಇಣುಕುತ್ತಿರುವವರ ಹಾಗೆ ಇರಬೇಕು.

೧. ಮೊದಲ ಪೂಜೆ

ಓನರ್ ಬೆಳಿಗ್ಗೆ ಬಂದು ಬಾಗಿಲು ತೆಗೆದು, ಮೇನ್ ಹಾಕಿ, ಊದುಬತ್ತಿ ಹಚ್ಚುತ್ತಾರೆ. ಆಮೇಲೆ ಅವರದೊಂದು ಪ್ರದಕ್ಷಿಣೆ. ಮೊದಲು ಕೌಂಟರಿನ ಕ್ಯಾಮೆರಾ, ನಂತರ ಒಂದೊಂದೇ ಕಂಪ್ಯೂಟರಿಗೆ ಹೊಗೆ ಹಿಡಿದು ಸ್ವಿಚ್ ಹಾಕುತ್ತಾ, ಕಟ್ಟಕಡೆಗೆ ಒಳಗಿನ ಕೋಣೆಯ ಸರ್ವರ್. ಅದು ಕಣ್ಣು ಬಿಡುವಷ್ಟರಲ್ಲಿ ಮೂರು ಕಂಪ್ಯೂಟರೂ ಅದನ್ನು ಕೂಗಿ, ಉತ್ತರ ಸಿಗದೆ, ಚೌಕ ಹಾಕಿಕೊಂಡು ಕೂತಿರುತ್ತಿದ್ದವು. "ನಿಂತೈತೆ," ಎನ್ನುತ್ತಿದ್ದರು ಭಾಯಿ, ಬ್ಯಾಗು ಕೆಳಗಿಡುವ ಮೊದಲೇ. ನಾನು ಹೋಗಿ ಎಲ್ಲ ಮುಚ್ಚಿ ಮತ್ತೆ ತೆರೆದರೆ ಸರಿಯಾಗುತ್ತಿತ್ತು. ಆದರೆ ದಿನಾ ಬೆಳಿಗ್ಗೆ ಹೀಗೇ.

ಸರ್ವರ್ ಮೊದಲು ಆನ್ ಆಗಬೇಕು, ಅಷ್ಟೇ. ಅದನ್ನು ಇಂಗ್ಲಿಷಿನಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆ. ಯಾರೂ ನೋಡಲಿಲ್ಲ. ಕನ್ನಡದಲ್ಲಿ ಕೆಂಪು ಸ್ಕೆಚ್ ಪೆನ್ನಿನಿಂದ ಬರೆದೆ. ಓನರ್ ಅದಕ್ಕೂ ಊದುಬತ್ತಿ ಬೆಳಗಿ ಮುಂದೆ ಹೋದರು. ಇಪ್ಪತ್ತು ವರ್ಷದಿಂದ ಪೂಜೆ ಮಾಡುತ್ತಿರುವವರಿಗೆ ನಿಮ್ಮ ಪೂಜೆಯ ಕ್ರಮ ತಪ್ಪು ಎಂದು ಬಾಯಿಬಿಟ್ಟು ಹೇಳುವುದಂತೂ ನನ್ನಿಂದ ಆಗದ ಮಾತು.

ನಾಲ್ಕು ದಿನ ಯೋಚಿಸಿದೆ. ಐದನೇ ದಿನ ಅಂಗೈಯಗಲದ ಒಂದು ಗಣಪತಿ ಫೋಟೋ ತಂದು ಸರ್ವರಿನ ಹಣೆಗೆ ಅಂಟಿಸಿದೆ.

ಮಾರನೇ ಬೆಳಿಗ್ಗೆ ಓನರ್ ಊದುಬತ್ತಿ ಹಿಡಿದು ಕೌಂಟರಿನ ಹತ್ತಿರ ನಿಂತವರು, ತೆರೆದ ಬಾಗಿಲಿನಿಂದ ಒಳಗೆ ನೋಡಿದರು. ಹಿಡಿದ ಸ್ವಿಚ್ಚು ಬಿಟ್ಟು ಸೀದಾ ಒಳಗಿನ ಕೋಣೆಗೆ ನಡೆದರು. "ಮೊದಲ ಪೂಜೆ ಇವನಿಗೇ ಆಗ್ಬೇಕಲ್ವೇನಮ್ಮ," ಎಂದರು ನನ್ನನ್ನು ನೋಡಿ. ಹೌದು ಸಾರ್ ಎಂದೆ. ಅಂದಿನಿಂದ ಸರ್ವರ್ ಎಲ್ಲಕ್ಕಿಂತ ಮೊದಲು ಏಳುತ್ತದೆ.

ಭಾಯಿ ಎರಡು ದಿನ ಸುಮ್ಮನೆ ನೋಡಿದರು. ಮೂರನೇ ದಿನ ನನ್ನ ಟೇಬಲಿನ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ನೀನು ಎರಡು ಭಾಷೇಲಿ ಬರೆದೆ, ಒಬ್ರೂ ಓದ್ಲಿಲ್ಲ. ಗಣಪಣ್ಣನ್ನ ಕೂರಿಸಿದೆ ನೋಡು, ಎಲ್ರಿಗೂ ಓದಕ್ಕೆ ಬಂತು."

೨. ಪೂರ್ವಕ್ಕೆ ಮುಖ

ಗಣಪತಿ ಬಂದ ಮೇಲೆ ಹೊಸ ತೊಂದರೆ. ಗಣಪತಿ ದಕ್ಷಿಣಕ್ಕೆ ನೋಡುತ್ತಿದ್ದಾನೆ ಎಂದು ಓನರ್ ಪರಿಚಯದ ವಾಸ್ತುವಿನವರೊಬ್ಬರು ಕಂಡುಹಿಡಿದರು. ಒಂದು ಭಾನುವಾರ ಇಬ್ಬರೂ ಸೇರಿ ಸರ್ವರನ್ನು ಎತ್ತಿ ಪೂರ್ವಕ್ಕೆ ತಿರುಗಿಸಿಟ್ಟಿದ್ದಾರೆ. ಸೋಮವಾರದಿಂದ ಅದು ದಿನಕ್ಕೆ ಎರಡು ಸಲ ತಪ್ಪದೆ ನಿಲ್ಲತೊಡಗಿತು. ಎರಡು ನಿಮಿಷ ನಿಲ್ಲುತ್ತದೆ, ಮತ್ತೆ ಬರುತ್ತದೆ.

ನಾನು ಒಂದು ಚೀಟಿಯಲ್ಲಿ ಹೊತ್ತು ಬರೆಯುತ್ತಾ ಬಂದೆ. ಹನ್ನೊಂದು ಗಂಟೆ, ನಾಲ್ಕು ಗಂಟೆ. ಮರುದಿನವೂ ಹನ್ನೊಂದು, ನಾಲ್ಕು. ಚೀಟಿ ನೋಡಿದ ಭಾಯಿ, "ಇದು ಟೀ ಟೈಮು," ಎಂದರು. ಸರಿಯಾಗಿ ಅದೇ. ಎದುರಿನ ಹೋಟೆಲಿನವರು ಟೀ ತಂದು ಓನರಿಗೆ ಒಳಗಿನ ಕೋಣೆಯಲ್ಲಿ ಕೊಡುತ್ತಿದ್ದರು. ಮುಖ ತಿರುಗಿಸಿದ್ದರಿಂದ ಕಂಪ್ಯೂಟರುಗಳಿಗೆ ಹೋಗುವ ಕೇಬಲ್ ಉದ್ದ ಸಾಲದೆ ಬಾಗಿಲ ಸಂದಿಯಲ್ಲಿ ಬಿಗಿದು ನಿಂತಿತ್ತು. ಬಾಗಿಲು ತೆಗೆದರೆ ಅದು ಜಗ್ಗಿ ಸಡಿಲವಾಗುತ್ತಿತ್ತು, ಮುಚ್ಚಿದರೆ ಮತ್ತೆ ಕೂರುತ್ತಿತ್ತು.

ವಾಸ್ತುವಿನ ವಿರುದ್ಧ ಮಾತಾಡುವ ಧೈರ್ಯ ನನಗೆಲ್ಲಿಯದು. ಅಂಗಡಿಗೆ ಹೋಗಿ ಉದ್ದನೆಯ ಕೇಬಲ್ ತಂದು, ಗೋಡೆಯ ಮೇಲಿನಿಂದ ಸುತ್ತಿಸಿ ಹಾಕಿದೆ. ನಿಲ್ಲುವುದು ನಿಂತಿತು.

ಹದಿನೈದು ದಿನ ಬಿಟ್ಟು ವಾಸ್ತುವಿನವರು ಬಂದರು. ಈಗ ಹೇಗಿದೆ ಎಂದು ಓನರನ್ನು ಕೇಳಿದರು. ಒಂದು ಸಲವೂ ನಿಂತಿಲ್ಲ ಎಂದರು ಓನರ್. ವಾಸ್ತುವಿನವರು ನನ್ನ ಕಡೆ ತಿರುಗಿ, "ನೋಡಮ್ಮ, ನೀವು ಓದಿದೋರು ಇದನ್ನೆಲ್ಲ ನಂಬಲ್ಲ," ಎಂದರು.

೩. ಹಿರಿಯೂರಿನ ಹೂಂ

ಹಿರಿಯೂರಿನಲ್ಲಿ ಓನರ್ ಸ್ನೇಹಿತರಾದ ಒಬ್ಬ ಫೋಟೋಗ್ರಾಫರ್ ಇದ್ದಾರೆ. ಅವರ ಸ್ಟುಡಿಯೋದ ಕಂಪ್ಯೂಟರೂ ಇಂಟರ್ನೆಟ್ ಮೂಲಕ ನಮ್ಮ ಸರ್ವರಿಗೇ ಸೇರಿಕೊಂಡಿದೆ. ಒಂದು ದಿನ ಬೆಳಿಗ್ಗೆ ಅವರಿಂದ ಫೋನು, ಸರ್ವರ್ ಸಿಗ್ತಾ ಇಲ್ಲ ಎಂದು. ನಮ್ಮ ಸರ್ವರ್ ಗಟ್ಟಿಯಾಗಿಯೇ ಇತ್ತು. ಹಿಂದಿನ ದಿನ ಇಂಟರ್ನೆಟ್‌ನವರು ಬಂದು ಡಬ್ಬಿ ಬದಲಾಯಿಸಿ ಹೋಗಿದ್ದರು. ಅದರಿಂದ ಇಂಟರ್ನೆಟ್ಟಿನಲ್ಲಿ ನಮ್ಮ ವಿಳಾಸದ ನಂಬರ್ ಬದಲಾಗಿತ್ತು. ಹಿರಿಯೂರಿನವರು ತಮ್ಮ ಸಾಫ್ಟ್‌ವೇರಿನಲ್ಲಿ ಹೊಸ ನಂಬರ್ ಹಾಕಿಕೊಂಡರೆ ಮುಗಿಯಿತು.

ಓನರ್‌ಗೆ ಆ ಭೇದವಿಲ್ಲ. "ಹಿರಿಯೂರಿಗೆ ನಿಂತ್ರೂ ನಿಂತಂಗೇ ಲೆಕ್ಕ," ಎಂದು ಫೋನು ನನ್ನ ಕೈಗೆ ಕೊಟ್ಟರು.

ನಾನು ಹೇಳಬೇಕಾದ್ದನ್ನೆಲ್ಲ ಮೊದಲು ಕಾಗದದ ಮೇಲೆ ಬರೆದುಕೊಂಡು, ಮತ್ತೆ ಅವರಿಗೆ ಫೋನು ಮಾಡಿ ಮಾತು ಶುರು ಮಾಡಿದೆ. ಸಾಫ್ಟ್‌ವೇರ್ ತೆರೆಯಿರಿ ಎಂದೆ. "ಹೂಂ ಮೇಡಂ," ಎಂದರು. ಎಡಗಡೆ ಮೇಲೆ ಒಂದು ಪಟ್ಟಿ ಇದೆ, ಒತ್ತಿ. "ಹೂಂ." ಹಳೆಯ ನಂಬರ್ ಅಳಿಸಿ. "ಹೂಂ ಮೇಡಂ." ಹೊಸ ನಂಬರನ್ನು ಒಂದೊಂದೇ ಅಂಕಿ ನಿಧಾನವಾಗಿ ಹೇಳಿದೆ, ಪ್ರತಿ ಅಂಕಿಗೂ ಒಂದು ಹೂಂ ಬಂತು. ನನ್ನ ಜನ್ಮದಲ್ಲಿ ಯಾರೂ ನನ್ನ ಮಾತನ್ನು ಅಷ್ಟು ಶ್ರದ್ಧೆಯಿಂದ ಕೇಳಿರಲಿಲ್ಲ. ಅರ್ಧ ಗಂಟೆಯಾದ ಮೇಲೆ, ಈಗ ಸ್ಕ್ರೀನಿನ ಮೇಲೆ ಏನು ಬಂತು ಎಂದು ಕೇಳಿದೆ.

ಆ ಕಡೆ ಒಂದು ಕುರಿ ಕೂಗಿತು. ಅದರ ಹಿಂದೆಯೇ ಒಬ್ಬ ಹುಡುಗಿಯ ಧ್ವನಿ ಕೇಳಿಸಿತು. "ಅಣ್ಣಾ, ಬಿಸಿಲು ಏರ್ತಾ ಐತೆ. ನಾವು ಹಿಂಗೇ ಕೈ ಕೈ ಹಿಡ್ಕಂಡು ನಿಂತಿರ್ಬೇಕಾ?"

ಅವರು ಮಾರಿಕಣಿವೆಯ ಹಿನ್ನೀರಿನ ಹತ್ತಿರ ಮದುವೆಗೆ ಮುಂಚಿನ ಶೂಟಿಂಗಿನಲ್ಲಿದ್ದರು. ಕಂಪ್ಯೂಟರ್ ಇದ್ದದ್ದು ಅಲ್ಲಿಂದ ಎಷ್ಟೋ ದೂರದ ಸ್ಟುಡಿಯೋದಲ್ಲಿ. ಮತ್ತೆ ಹೂಂ ಹೂಂ ಅಂದಿರಲ್ಲ ಎಂದು ಕೇಳಿದೆ. "ನೀವು ಅಷ್ಟು ಚೆನ್ನಾಗಿ ಹೇಳ್ತಾ ಇದ್ರಿ ಮೇಡಂ, ಮಧ್ಯೆ ಬಾಯಿ ಹಾಕೋದು ಸರಿ ಕಾಣ್ಲಿಲ್ಲ," ಎಂದರು.

ನಮ್ಮ ಕಡೆ ಹೂಂ ಎಂದರೆ ಕೇಳಿಸುತ್ತಿದೆ ಎಂದಷ್ಟೇ, ಆಯಿತು ಎಂದಲ್ಲ. ಅದನ್ನು ಅಂದು ಕಲಿತೆ. ಮಧ್ಯಾಹ್ನದ ಬಸ್ಸು ಹಿಡಿದು ಹಿರಿಯೂರಿಗೇ ಹೋದೆ. ಅವರು ಶೂಟಿಂಗ್ ಮುಗಿಸಿ ಬಂದಿದ್ದರು. ಕುಂತ್ಕಳ್ರಿ ಮೇಡಂ ಎಂದು ಕುರ್ಚಿ ಒರೆಸಿ ಕೊಟ್ಟು, ಕಾಫಿ ತರಿಸಿದರು. ಕಾಫಿ ಬರುವುದರೊಳಗೆ ನಂಬರ್ ಹಾಕಿ ಒತ್ತಿದೆ. ಪ್ರಾಜೆಕ್ಟುಗಳು ಸಾಲಾಗಿ ಬಂದು ನಿಂತವು. ಗಂಟೆ ಇನ್ನೂ ನಾಲ್ಕು.

ಅವರು ಹಿಂದೆ ನಿಂತು ನೋಡುತ್ತಿದ್ದರು. ಮುಖದಲ್ಲಿ ಸ್ವಲ್ಪ ನಿರಾಸೆಯಿತ್ತು. "ಇಷ್ಟೇನಾ ಮೇಡಂ? ಇದನ್ನ ಫೋನಲ್ಲೇ ಹೇಳ್ಬಹುದಿತ್ತಲ್ಲ."

೪. ಡಿಸೆಂಬರ್

ಇದರಲ್ಲಿ ತಪ್ಪು ನನ್ನದೇ. ಡೇಟಾಬೇಸಿನ ಪಾಸ್‌ವರ್ಡನ್ನು ನಾನು ಗೋಡೆಯ ಕ್ಯಾಲೆಂಡರಿನ ಡಿಸೆಂಬರ್ ಹಾಳೆಯ ಮೂಲೆಯಲ್ಲಿ ಬರೆದಿಟ್ಟಿದ್ದೆ. ನಮ್ಮ ಸ್ಟುಡಿಯೋದಲ್ಲಿ ಯಾವ ಕಾಗದ ಬೇಕಾದರೂ ಕಳೆಯಬಹುದು, ಕ್ಯಾಲೆಂಡರ್ ಕಳೆಯುವುದಿಲ್ಲ, ಎಲ್ಲರ ಲಗ್ನದ ದಿನ ಗುರುತು ಹಾಕಿರುವುದು ಅದರಲ್ಲೇ. ಒಂದು ಸಲ ಹಾಕಿದ ಪಾಸ್‌ವರ್ಡನ್ನು ಕಂಪ್ಯೂಟರುಗಳೇ ನೆನಪಿಟ್ಟುಕೊಂಡಿದ್ದವು, ನಾನು ಮರೆತೆ. ಜನವರಿ ಬಂದದ್ದು ಮಾತ್ರ ನನ್ನ ಯೋಚನೆಯಲ್ಲಿ ಇರಲಿಲ್ಲ.

ಒಂದು ಶನಿವಾರ ಸಾಫ್ಟ್‌ವೇರ್ ಹೊಸದಾಗಿ ಅಪ್‌ಡೇಟ್ ಆಗಿ, ಮೂರೂ ಕಡೆ ಪಾಸ್‌ವರ್ಡ್ ಕೇಳಿತು. ನಾನು ಗೋಡೆ ನೋಡಿದೆ. ಅಲ್ಲಿ ಹೊಸ ಕ್ಯಾಲೆಂಡರ್ ನಗುತ್ತಿತ್ತು. ಹಳೆಯದೆಲ್ಲಿ ಎಂದು ಓನರನ್ನು ಕೇಳಿದರೆ, ಮನೆಯವರು ಒಯ್ದರು ಎಂದರು. ಅವರಿಗೆ ಫೋನು ಮಾಡಿದೆ. ಹಾಳೆ ದಪ್ಪಗೆ, ನುಣುಪಾಗಿ ಇತ್ತಂತೆ. ಹನ್ನೆರಡು ಹಾಳೆಯಲ್ಲಿ ಮಗಳ ಹನ್ನೆರಡು ನೋಟ್‌ಬುಕ್ಕಿಗೆ ಬೈಂಡ್ ಹಾಕಿದ್ದರಂತೆ. ನೋಟ್‌ಬುಕ್ಕುಗಳು ಎಲ್ಲಿ ಎಂದೆ. ತಿದ್ದಲು ಸ್ಕೂಲಿಗೆ ಕೊಟ್ಟಾಯ್ತಲ್ಲ ಎಂದರು.

ಅದು ನಾನು ಓದಿದ ಸ್ಕೂಲೇ.

ಸ್ಟಾಫ್ ರೂಮಿನಲ್ಲಿ ನನ್ನ ಹಳೆಯ ಸೈನ್ಸ್ ಮಿಸ್ ಇದ್ದರು. ಈಗ ಅವರು ಆ ಹುಡುಗಿಯ ಕ್ಲಾಸ್ ಟೀಚರ್. ನಾನು ಬಾಗಿಲಲ್ಲಿ ನಿಂತು ಮೇ ಐ ಕಮ್ ಇನ್ ಎಂದೆ. ಅಭ್ಯಾಸ. ಅವರು ಕನ್ನಡಕದ ಮೇಲಿನಿಂದ ನೋಡಿ, ಹತ್ತು ವರ್ಷದಲ್ಲಿ ಒಂದು ಡೌಟೂ ಕೇಳದವಳು ಈಗ ಏನು ಕೇಳಲು ಬಂದೆ ಎಂದು ಇಂಗ್ಲಿಷಿನಲ್ಲೇ ಕೇಳಿದರು. ಒಂದು ನೋಟ್‌ಬುಕ್ಕಿನ ಬೈಂಡು ನೋಡಬೇಕು ಎಂದೆ. ಯಾವ ಸಬ್ಜೆಕ್ಟ್ ಎಂದರು. ಡಿಸೆಂಬರ್ ಎಂದೆ.

ಪಾಪ, ಅವರು ಮರುಮಾತಾಡದೆ ಅಲ್ಮೇರಾ ತೆಗೆದರು. ಮ್ಯಾಥ್ಸ್ ಮೇಲೆ ಮಾರ್ಚ್ ಇತ್ತು. ಸೋಷಿಯಲ್ ಮೇಲೆ ಆಗಸ್ಟ್. ಕನ್ನಡ ನೋಟ್ಸಿನ ಮೇಲೆ ಡಿಸೆಂಬರ್ ಸಿಕ್ಕಿತು. ಪಾಸ್‌ವರ್ಡ್ ಇದ್ದ ಮೂಲೆಯ ಮೇಲೆ ಸರಿಯಾಗಿ ಹೆಸರಿನ ಲೇಬಲ್ ಅಂಟಿಸಿದ್ದರು. ಮಿಸ್ ತಮ್ಮ ಕರ್ಚೀಫು ಒದ್ದೆ ಮಾಡಿ ಕೊಟ್ಟರು. ನಾನು ಮೆಲ್ಲಗೆ ಉಜ್ಜಿದೆ. ಲೇಬಲ್ ಎದ್ದು ಬರುತ್ತಾ ಬರುತ್ತಾ ನನಗೆ ಪಾಸ್‌ವರ್ಡ್ ತಾನಾಗಿ ನೆನಪಿಗೆ ಬಂತು. ಕೈ ನಿಂತಿತು. ಆದರೆ ಅಷ್ಟರಲ್ಲಿ ಮಿಸ್ ಬಗ್ಗಿ ಓದಿಬಿಟ್ಟಿದ್ದರು.

ಗುಡುಗುಮಿಸ್. ಅದರ ಮುಂದೆ ಅವರ ಕ್ಲಾಸ್‌ರೂಮಿನ ನಂಬರ್.

ಅವರ ಬೆನ್ನ ಹಿಂದೆ ನಾವೆಲ್ಲ ಕರೆಯುತ್ತಿದ್ದ ಹೆಸರು. ಮರೆಯುವುದಿಲ್ಲವೆಂದು ಅದನ್ನೇ ಇಟ್ಟಿದ್ದೆ. ಅವರು ಅದನ್ನು ನಿಧಾನವಾಗಿ, ಗಟ್ಟಿಯಾಗಿ ಓದಿದರು. ಸುತ್ತ ಕೂತ ಟೀಚರುಗಳೆಲ್ಲ ಒಟ್ಟಿಗೇ ತಮ್ಮ ತಮ್ಮ ನೋಟ್‌ಬುಕ್ಕಿಗೆ ಬಗ್ಗಿದರು. ಅವರ ಭುಜಗಳು ಮಾತ್ರ ಕುಲುಕುತ್ತಿದ್ದವು.

ನಾನು ನೆಲ ನೋಡುತ್ತಾ ನಿಂತೆ. ಮಿಸ್ ಹತ್ತು ವರ್ಷದಲ್ಲಿ ಮೊದಲ ಸಲ ನನ್ನ ಹತ್ತಿರ ಕನ್ನಡದಲ್ಲಿ ಮಾತಾಡಿದರು. "ಇಡೀ ಸ್ಕೂಲಿಗೆ ಗೊತ್ತಿರೋದು ಪಾಸ್‌ವರ್ಡ್ ಹೇಗಾಗುತ್ತೆ? ಹೋಗಿ ಬದಲಾಯಿಸು."

೫. ಕಂಬಳಿ

ಸೀಸನ್ನಿನ ಕೊನೆಯ ವಾರ. ಇನ್ನೊಂದೇ ಮದುವೆ ದಾಟಿದರೆ ನಾನು ಗೆದ್ದಂತೆ. ಹುಡುಗಿ ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯವಳು, ಹುಡುಗ ಹೊಳಲ್ಕೆರೆಯವನು. ಮದುವೆ ಆಗಿತ್ತು, ಮಾರನೇ ದಿನ ಮಧ್ಯಾಹ್ನ ಹೊಳಲ್ಕೆರೆಯಲ್ಲಿ ಬೀಗರೂಟ. ಅಲ್ಲಿ ದೊಡ್ಡ ಪರದೆಯ ಮೇಲೆ ಮದುವೆ ವಿಡಿಯೋ ತೋರಿಸಬೇಕು. ಕೆಲಸ ಬೇಗ ಮುಗಿಯಲೆಂದು ಮೂರೂ ಕಂಪ್ಯೂಟರಿಗೆ ಹಂಚಿದ್ದೆವು. ಧಾರೆ ಭಾಯಿಯದು, ಹಾಡುಗಳು ಒಬ್ಬರದು, ನೆಂಟರಿಷ್ಟರದು ಇನ್ನೊಬ್ಬರದು. ಮೂರೂ ಕೂಡುವುದು ಸರ್ವರಿನಲ್ಲೇ. ಸಂಜೆ ಐದಕ್ಕೆ ಹುಡುಗಿ ಮನೆಯವರ ಗಾಡಿ ಹೊರಡುವುದರೊಳಗೆ ಕೈಗೆ ಕೊಡಬೇಕು.

ಎಡಿಟಿಂಗಿಗೆ ಬಂದು ಕೂರುವುದು ಈಗ ನಮ್ಮ ಕಡೆ ಮದುವೆಯ ಒಂದು ಶಾಸ್ತ್ರವೇ ಆಗಿಬಿಟ್ಟಿದೆ. ತಮ್ಮ ಕಡೆಯ ಯಾರನ್ನಾದರೂ ಕತ್ತರಿಸಿಬಿಟ್ಟರೆ ಎಂಬ ಭಯ. ಮಾಡದಕೆರೆಯಿಂದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹನ್ನೊಂದು ಜನ ಬಂದರು. ಜೊತೆಗೆ ಹುಡುಗಿಯ ಅಜ್ಜಿ. ಕುರಿ ಸಾಕಿದ ಮನೆತನ. ಅಂಥ ಬಿಸಿಲಲ್ಲೂ ಹೆಗಲ ಮೇಲೆ ಕರಿ ಕಂಬಳಿ. ಎಲ್ಲರಿಗೂ ಜಾಗ ಸಾಲದೆ ಓನರ್ ಅಜ್ಜಿಯನ್ನು ಮರ್ಯಾದೆಯಿಂದ ಒಳಗಿನ ಕೋಣೆಯಲ್ಲಿ ಕೂರಿಸಿದರು, ತಣ್ಣಗಿರುತ್ತದೆ ಎಂದು.

ಹನ್ನೆರಡರ ಸುಮಾರಿಗೆ ಮೂರೂ ಪರದೆಯ ಮೇಲೆ ಒಟ್ಟಿಗೇ ಆ ಚೌಕ ಬಂತು.

ಭಾಯಿ ಕನ್ನಡಕ ತೆಗೆದು ಟೇಬಲಿನ ಮೇಲಿಟ್ಟರು. ಈ ಸಲ ಅವರು ನಿಂತೈತೆ ಎನ್ನಲಿಲ್ಲ. ಬೆಳಗಿನಿಂದ ಕೂರಿಸಿದ ಧಾರೆ ಅದರೊಳಗೆ ಸಿಕ್ಕಿಕೊಂಡಿತ್ತು. ಹುಡುಗಿಯ ತಂದೆ, ಏನಾಯ್ತು ಸಾರ್ ಎಂದು ಓನರನ್ನು ನೋಡಿದರು. ಓನರ್ ನನ್ನನ್ನು ನೋಡಿದರು. ನಾನು ಗಾಜಿನಾಚೆಯ ಪಾಸ್‌ಪೋರ್ಟ್ ಕೌಂಟರನ್ನು ನೋಡಿದೆ.

ಸರ್ವರ್ ಆನ್ ಇದೆಯಾ ಎಂದು ಕೋಣೆಯ ಬಾಗಿಲ ಹತ್ತಿರ ಕೂತವರನ್ನು ಕೇಳಿದೆ. ಹೂಂ ಎಂದರು. ಎಸಿ ಓಡ್ತಾ ಇದೆಯಾ ಎಂದೆ. ಹೂಂ ಎಂದರು. ಹಿರಿಯೂರು ನೆನಪಾಯಿತು. ಎದ್ದು ನಾನೇ ಹೋದೆ.

ಒಳಗೆ ಎಸಿ ಆಫ್. ಕೋಣೆ ಬಾಣಂತಿ ಕೋಣೆಯ ಹಾಗೆ ಬೆಚ್ಚಗಿತ್ತು. ಸರ್ವರ್ ಇದ್ದ ಜಾಗದಲ್ಲಿ ಒಂದು ಕರಿ ಕಂಬಳಿಯ ಗಂಟು. ಒಂದು ಕಡೆ ಸ್ವಲ್ಪ ಸಂದಿ ಬಿಟ್ಟು ಗಣಪತಿಯ ಮುಖ ಮಾತ್ರ ಹೊರಗಿಟ್ಟಿದ್ದರು. ಅಜ್ಜಿ ಪಕ್ಕದಲ್ಲಿ ಕೂತು ಕಂಬಳಿಯ ಮೇಲೆ ಮೆಲ್ಲಗೆ ತಟ್ಟುತ್ತಿದ್ದರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲಕ್ಕೆ ಬಾರವ್ವ. ಈಗಷ್ಟೇ ಮಲಗ್ತು."

ಅಜ್ಜಿಯೇ ಹೇಳಿದರು. ಮೈ ಮುಟ್ಟಿದರೆ ಸುಡುತ್ತಿತ್ತಂತೆ. ಒಳಗೆ ಗಡಗಡ ನಡುಗುತ್ತಿತ್ತಂತೆ. ಒಂದೇ ಸಮ ನರಳುತ್ತಿತ್ತಂತೆ. "ನೀವು ನೋಡಿದ್ರೆ ಅದರ ಮಕಕ್ಕೆ ತಣ್ಣನ ಗಾಳಿ ಬಿಟ್ಟೀರಿ. ಜ್ವರ ಬಂದೋರ್ನ ಹಿಂಗಾ ನೋಡ್ಕಳೋದು? ನಾನು ಎಷ್ಟು ಕುರಿಮರಿ ಉಳಿಸೀನಿ ಗೊತ್ತೈತಾ ನಿಂಗೆ?"

ಕಂಬಳಿ ತೆಗೆದೆ. ಕೈ ಇಡಲಾಗದಷ್ಟು ಬಿಸಿ. ಮಿಷನ್ ಸುಟ್ಟುಹೋಗಬಾರದೆಂದು ತಾನಾಗಿ ಆಫ್ ಆಗಿತ್ತು. ಎಸಿ ಹಾಕಿದೆ. ಇದಕ್ಕೆ ಬಿಸಿಯೇ ಆಗದು, ಗಾಳಿ ಬೇಕು ಎಂದು ಅಜ್ಜಿಗೆ ಹೇಳಿದೆ. ಅವರು ಒಂದು ಕ್ಷಣ ಯೋಚಿಸಿ, ರೊಟ್ಟಿ ಬುಟ್ಟಿಯ ಮುಚ್ಚಳ ತಂದು ಬೀಸತೊಡಗಿದರು. ಅರ್ಧ ಗಂಟೆ ಆರಲು ಬಿಟ್ಟು ಬಟನ್ ಒತ್ತಿದೆ. ಮಿಷನ್ ಎದ್ದಿತು.

ಚೌಕ ಮಾತ್ರ ಹೋಗಲಿಲ್ಲ.

ಮಿಷನ್ ಎದ್ದಿದೆ, ಅದರೊಳಗಿನ ಡೇಟಾಬೇಸ್ ಏಳುತ್ತಿಲ್ಲ. ಏಕೆ ಏಳುತ್ತಿಲ್ಲವೆಂದು ಅದು ಬರೆದಿಟ್ಟಿದ್ದನ್ನು ತೆಗೆದು ಓದಿದೆ. ಆಗಲೇ ಒಂದು ಡೇಟಾಬೇಸ್ ಇಲ್ಲಿ ಓಡುತ್ತಿದೆ, ನಾನು ಶುರುವಾಗುವಂತಿಲ್ಲ ಎಂದಿತ್ತು. ಇನ್ನೊಂದು ಇದೆಯಾ ಎಂದು ಹುಡುಕಿದೆ. ಯಾವುದೂ ಇರಲಿಲ್ಲ. ಆಗ ನನಗೆ ಅರ್ಥವಾಯಿತು. ಅರ್ಥವಾದ ಖುಷಿಗೆ ತಿರುಗಿದರೆ, ಬಾಗಿಲ ತುಂಬಾ ಜನ. ಓನರ್, ಭಾಯಿ, ಹುಡುಗಿಯ ತಂದೆ, ಅವರ ಹಿಂದೆ ಮಾಡದಕೆರೆಯ ಉಳಿದವರು.

"ನನ್ನ ಮಗಳ ಮದುವೆ ಐತಾ, ಹೋಯ್ತಾ? ಅಷ್ಟು ಹೇಳವ್ವ," ಎಂದರು ಹುಡುಗಿಯ ತಂದೆ.

ಅವರಿಗೆ ಬರೆದು ಅಂಟಿಸುವಂತಿರಲಿಲ್ಲ. ಗಣಪತಿಯೂ ಈ ಕೆಲಸಕ್ಕೆ ಬರುವಂತಿರಲಿಲ್ಲ. ನಾನೇ ಮಾತಾಡಬೇಕಿತ್ತು.

"ಐತೆ," ಎಂದೆ. ನಮ್ಮಮ್ಮನ ಮನೆಯ ಮಾತು ಎಲ್ಲಿತ್ತೋ, ಬಾಯಿಗೆ ಬಂತು. "ಹೊಳಲ್ಕೆರೆ ಬಸ್ಸಿಗೆ ರಶ್ ಇದ್ರೆ ಕಿಟಕೀಲಿ ಟವಲ್ ಹಾಕ್ತೀವಲ್ಲ, ಹಂಗೆ. ಇದು ದಿನಾ ಬೆಳಿಗ್ಗೆ ಬಂದು ತನ್ನ ಸೀಟಿಗೆ ಒಂದು ಟವಲ್ ಹಾಕಿ ಕೂರುತ್ತೆ. ಹೋಗುವಾಗ ಟವಲ್ ತಗಂಡು ಹೋಗುತ್ತೆ. ಇವತ್ತು ಬಿಸಿಗೆ ತಲೆ ಸುತ್ತಿ ಬಿದ್ದೋಯ್ತು, ಟವಲ್ ಅಲ್ಲೇ ಉಳೀತು. ಈಗ ಎದ್ದು ಬಂದು ನೋಡ್ತಾ ಐತೆ. ಸೀಟಿನ ಮೇಲೆ ಟವಲ್ ಐತೆ, ಯಾರೋ ಹಿಡಿದವರೆ ಅಂತ ಪಕ್ಕದಲ್ಲಿ ನಿಂತ್ಕಂಡೈತೆ."

ಅಜ್ಜಿ ಬೀಸುವುದು ನಿಲ್ಲಿಸಿದರು.

"ಅದರ ಟವಲ್ಲೇ ಅಲ್ವಾ ಅದು?"

"ಹೌದಜ್ಜಿ, ಅದರದ್ದೇ."

"ತನ್ನ ಟವಲ್ ತನಗೇ ಗುರುತು ಸಿಗಲ್ವಾ? ಇಷ್ಟು ಸಾಧು ಆದ್ರೆ ಇದು ಹೊಳಲ್ಕೆರೆ ಮುಟ್ಟಿದಂಗೇ," ಎಂದರು ಅಜ್ಜಿ. "ಟವಲ್ ತೆಗ್ದು ಕೂರ್ಸವ್ವ ಅದನ್ನ."

ಬಾಗಿಲಲ್ಲಿದ್ದವರೆಲ್ಲ ನಕ್ಕುಬಿಟ್ಟರು, ಹುಡುಗಿಯ ತಂದೆಯೂ. ನಾನು ಮೊದಲು ಇದ್ದದ್ದನ್ನೆಲ್ಲ ಒಂದು ಪ್ರತಿ ಮಾಡಿಟ್ಟುಕೊಂಡೆ. ಆಮೇಲೆ ಉಳಿದುಹೋಗಿದ್ದ ಆ ಒಂದು ಚಿಕ್ಕ ಫೈಲನ್ನು ತೆಗೆದುಹಾಕಿ ಡೇಟಾಬೇಸ್ ಶುರು ಮಾಡಿದೆ. ಹೊರಗಿನಿಂದ ನಾದಸ್ವರ ಕೇಳಿಸಿತು. ಭಾಯಿಯ ಧಾರೆ, ನಿಲ್ಲಿಸಿದ ಜಾಗದಿಂದಲೇ. ಭಾಯಿ ಹೋಗಿ ಕನ್ನಡಕ ಹಾಕಿಕೊಂಡರು.

ಅಜ್ಜಿ ಸಂಜೆಯವರೆಗೂ ಆ ಕೋಣೆ ಬಿಟ್ಟು ಬರಲಿಲ್ಲ. ಮುಚ್ಚಳದಲ್ಲಿ ಬೀಸುತ್ತಾ, ಆಗಾಗ ಕೈಯಿಟ್ಟು ನೋಡಿ, ಬೆಚ್ಚಗೈತೆ, ಈಗ ಪರವಾಗಿಲ್ಲ, ಈಗ ಬಿಟ್ಟೈತೆ ಎಂದು ಹೊರಗಿನವರಿಗೆ ಸುದ್ದಿ ಮುಟ್ಟಿಸುತ್ತಿದ್ದರು. ನಾಲ್ಕೂವರೆಗೆ ವಿಡಿಯೋ ಅವರ ಕೈಯಲ್ಲಿತ್ತು. ಮಾರನೇ ದಿನ ಓನರ್ ನಮ್ಮನ್ನೆಲ್ಲ ಬೀಗರೂಟಕ್ಕೆ ಕರೆದೊಯ್ದರು. ಪರದೆಯ ಮೇಲೆ ಎರಡೂ ಕಡೆಯ ನೆಂಟರು ಒಬ್ಬರೂ ತಪ್ಪದೆ ಬಂದರು. ಮೈಕಿನಲ್ಲಿ ಸ್ಟುಡಿಯೋದವರ ಹೆಸರು ಹೇಳಿದಾಗ ಓನರ್ ನನ್ನ ಬೆನ್ನಿಗೆ ಕೈ ಹಚ್ಚಿ ಮುಂದೆ ದಬ್ಬಿದರು. ನಾನು ಎಲೆಯ ಮುಂದಿನಿಂದ ಎದ್ದು ನಿಂತೆ, ತಲೆ ತಗ್ಗಿಸಲಿಲ್ಲ.

ಸೀಸನ್ ಮುಗಿಯಿತು. ಭಾಯಿ ಆಡಿದ ಮಾತಿಗೆ ತಪ್ಪುವವರಲ್ಲ. ಮುಂದಿನ ಸೋಮವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ನನ್ನ ಕಡೆ ನೋಡದೆ, ಕೌಂಟರಿನಲ್ಲಿ ಕುಳಿತರು. ಮಧ್ಯಾಹ್ನ ಯಾವುದೋ ಅರ್ಜಿಗೆ ಫೋಟೋ ಬೇಕೆಂದು ಮಾಡದಕೆರೆಯ ಅಜ್ಜಿಯೇ ಬಂದರು. ಕ್ಯಾಮೆರಾದ ಮುಂದೆ ಕೂತವರೇ ಕಂಬಳಿಯನ್ನು ತಲೆ ತುಂಬ ಹೊದ್ದುಕೊಂಡು ನೆಲ ನೋಡತೊಡಗಿದರು. ಭಾಯಿ ಕ್ಯಾಮೆರಾ ಮೇಲೆ ಮಾಡಿದರು, ಕೆಳಗೆ ಮಾಡಿದರು, ಕೆಮ್ಮಿದರು.

ನಾನು ಒಳಗಿನಿಂದ ಎದ್ದು ಬಂದು, ಗಾಜಿನ ಬಾಗಿಲು ತೆರೆದು, ಇಡೀ ಅಂಗಡಿಗೆ ಕೇಳುವ ಹಾಗೆ ಹೇಳಿದೆ. "ಅಜ್ಜಿ, ಗದ್ದ ಮೇಲೆ ಮಾಡ್ರಿ. ಕಂಬಳಿ ತೆಗೀರಿ."

ಅಜ್ಜಿ ಗದ್ದ ಎತ್ತಿದರು. ಕಂಬಳಿ ಮಾತ್ರ ಇನ್ನೂ ಬಿಗಿಯಾಗಿ ಎಳೆದುಕೊಂಡರು.

"ಹೆದರ್ಬ್ಯಾಡ ಕಣವ್ವ, ನಾನು ಹೊದ್ಕಂಡ್ರೆ ನಿಂತೋಗಲ್ಲ."